ಗೆರಟೆ ಯಾರ ಕೊರಳಲ್ಲಿ

ನವೆಂಬರ್ 3, ಸೋಮವಾರ

ಒಂದೇ ಒಂದು ಪದ ತಪ್ಪಿದ್ದಕ್ಕೆ ಮೂವತ್ತೆರಡು ನಗುವ ಮುಖಗಳು.

ನಿನ್ನೆ ಸಂಜೆ ನಾಲ್ಕನೇ ತರಗತಿಯ ಪೋಷಕರ ವಾಟ್ಸಾಪ್ ಗುಂಪಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿದ್ದೆ. ಪ್ರಿನ್ಸಿಪಾಲರ ಸೂಚನೆಯಂತೆ ನಾಳೆ ಎಲ್ಲರೂ ಬಿಳಿ ಶೂ ಹಾಕಿ ಬರಬೇಕು ಎಂದು. ಪ್ರಿನ್ಸಿಪಲ್ ಎಂಬುದು ಬಾಯಲ್ಲಿ ಹೇಳಿದರೆ ಒಂದು, ಬರೆಯಲು ಹೋದರೆ ಎರಡು. ಒಂದು ಶಾಲೆ ನಡೆಸುವವರು, ಇನ್ನೊಂದು ತತ್ವ. ನಾನು ತತ್ವ ಬರೆದುಬಿಟ್ಟಿದ್ದೆ. ‘ನಮ್ಮ ಶಾಲೆಗೆ ಕೊನೆಗೂ ಒಂದು ತತ್ವ ಬಂತು’ ಎಂದು ಯಾವುದೋ ಮಗುವಿನ ತಂದೆ ಕೆಳಗೆ ಬರೆದರು. ಆಮೇಲೆ ಶುರುವಾದವು ಮುಖಗಳು. ಎಣಿಸಬಾರದು ಅಂದುಕೊಂಡೇ ಎಣಿಸಿದೆ.

ಬೆಳಗ್ಗೆ ಬೆನಿಟಾ ಮೇಡಂ ಆಫೀಸಿಗೆ ಕರೆದರು. ಪ್ರಿನ್ಸಿಪಾಲರು ಅವರೇ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈಯಲಿಲ್ಲ.

“ಸಿಂಧು ಟೀಚರ್, ನಿಮ್ಮ ಪಾಠ ಒಳ್ಳೇದುಂಟು. ಆದ್ರೆ ಪೇರೆಂಟ್ಸಿಗೆ ಪಾಠ ಕಾಣುದಿಲ್ಲ, ಸ್ಪೆಲ್ಲಿಂಗ್ ಕಾಣ್ತದೆ. ಡಿಸೆಂಬರ್ ಐದಕ್ಕೆ ಮ್ಯಾನೇಜ್‌ಮೆಂಟಿನವರು ನಿಮ್ಮ ಕ್ಲಾಸಿಗೆ ಬಂದು ಕೂತ್ಕೊಳ್ತಾರೆ. ಪಾಠ ಇದೇ ಇರಲಿ. ಕೇಳ್ಲಿಕ್ಕೆ ಒಂದೇ ಥರ ಇರುವ ಶಬ್ದಗಳು. ಅವತ್ತು ಸರಿಯಾದ್ರೆ ಕನ್ಫರ್ಮ್ ಮಾಡುವ.”

“ಸರಿಯಾಗದಿದ್ರೆ ಮೇಡಂ?”

ಅವರು ಕನ್ನಡಕ ಒರೆಸಿದರು. ಅದೇ ಉತ್ತರ.

ಹದಿಮೂರು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು ನಾನು. ಕೊನೆಗೆ ಹನ್ನೊಂದು ಮಕ್ಕಳು ಉಳಿದರು, ಶಾಲೆ ಮುಚ್ಚಿದರು. ಒಂದೂವರೆ ವರ್ಷ ಮನೆಯಲ್ಲಿ ಕೂತು ಗೋಡೆ ನೋಡಿದೆ. ಜೂನ್‌ನಲ್ಲಿ ಈ ಕೆಲಸ ಸಿಕ್ಕಾಗ ಉರ್ವದ ಬಸ್ ಸ್ಟಾಪಿನಲ್ಲಿ ಒಬ್ಬಳೇ ನಕ್ಕಿದ್ದೆ. ಇದನ್ನು ಬಿಟ್ಟುಕೊಡಲಾರೆ. ಬಿಟ್ಟುಕೊಡುವುದೇ ಇಲ್ಲ.

ನವೆಂಬರ್ 4, ಮಂಗಳವಾರ

ಹೊಸ ನೋಟುಪುಸ್ತಕ ತಂದೆ. ಎಡಕ್ಕೆ ಒಂದು ಪದ, ಬಲಕ್ಕೆ ಅದರ ಜೊತೆಗಾರ. ಕ್ವಾಯಟ್ ಎಂದರೆ ಸದ್ದಿಲ್ಲದ್ದು, ಕ್ವೈಟ್ ಎಂದರೆ ಸಾಕಷ್ಟು. ಏಂಜೆಲ್ ದೇವದೂತ, ಆಂಗಲ್ ಕೋನ. ಡೈರಿ ನಾನು ಬರೆಯುತ್ತಿರುವುದು, ಡೇರಿ ಹಾಲಿನದ್ದು. ಬಸ್ಸು ಕಾವೂರಿನಿಂದ ಕೊಟ್ಟಾರ ಚೌಕಿಗೆ ಬರುವಷ್ಟರಲ್ಲಿ ಹದಿನೆಂಟು ಜೋಡಿ ಬಾಯಿಪಾಠವಾಯಿತು. ಪಕ್ಕದಲ್ಲಿ ಕೂತ ಹೆಂಗಸು ನಾನು ಮಂತ್ರ ಹೇಳುತ್ತಿದ್ದೇನೆ ಎಂದುಕೊಂಡು ಸ್ವಲ್ಪ ಸರಿದು ಕೂತಳು.

ಮನೆಯಲ್ಲಿ ಅತ್ತೆ ಸತ್ಯಭಾಮಾ ನನ್ನ ಪುಸ್ತಕ ಇಣುಕಿ ನೋಡಿ ನಕ್ಕರು. ದೇವಸ್ಥಾನದ ಭಟ್ಟರ ಮಗಳು, ಉಚ್ಚಾರದ ಬಗ್ಗೆ ಹೇಳುವುದಿದ್ದರೆ ಬಿಡುವವರಲ್ಲ. “ನಮ್ಮ ಅಪ್ಪನಿಗೆ ಒಂದು ಸ್ವರ ತಪ್ಪಿದರೆ ಮಂತ್ರವೇ ಕೆಟ್ಟಿತು ಅಂತ ಇತ್ತು. ನಿನ್ನ ಇಂಗ್ಲಿಷಿನವರು ಅವರ ಸಂಬಂಧಿಕರಾ ಎಂತ?” ಎಂದರು ತುಳುವಿನಲ್ಲಿ. ಇಬ್ಬರೂ ನಕ್ಕೆವು. ನನ್ನ ಗಂಡ ಬ್ಯಾಂಕಿನಿಂದ ಬಂದು, ಎಂತ ಜೋಕು ಎಂದು ಕೇಳಿದರು. ಹೇಳಲಿಲ್ಲ.

ನನ್ನ ಪದಗಳನ್ನು ನಾನು ಕಲಿಯಬಲ್ಲೆ. ಆದರೆ ಮಕ್ಕಳು? ನಾನು ಹಲಗೆಯ ಕಡೆ ತಿರುಗಿದರೆ ಸಾಕು, ಹಿಂದೆ ತುಳು ಗುಳುಗುಳು. ಅದರಲ್ಲಿ ಮೊದಲನೆಯವಳು ಮೋಕ್ಷಾ. ಒಂಬತ್ತು ವರ್ಷ, ಎರಡು ಜಡೆ, ಬಾಯಿಗೆ ಬೀಗವಿಲ್ಲ. ಪಕ್ಕದ ಅನುಷ್ಕಾಳ ಕಿವಿಯಲ್ಲಿ ಇಡೀ ದಿನ ಸುದ್ದಿ. ಮ್ಯಾನೇಜ್‌ಮೆಂಟಿನವರ ಎದುರು ಇವಳು ಬಾಯಿ ಬಿಟ್ಟರೆ ನನ್ನ ಕೆಲಸ ಅಲ್ಲಿಗೇ ಮುಗಿಯಿತು.

ನವೆಂಬರ್ 6, ಗುರುವಾರ

ಉಪಾಯ ಸಿಕ್ಕಿತು. ಸಿಕ್ಕಿದ್ದಲ್ಲ, ನೆನಪಾದದ್ದು.

ನಾನು ಕಲಿತ ಕನ್ನಡ ಶಾಲೆಯಲ್ಲಿ ತುಳು ಮಾತಾಡುವಂತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ತುಳು, ಶಾಲೆಯ ಗೇಟು ದಾಟಿದರೆ ಕನ್ನಡ. ತುಳು ಮಾತಾಡಿ ಸಿಕ್ಕಿಬಿದ್ದವರ ಕೊರಳಿಗೆ ದಾರ ಪೋಣಿಸಿದ ತೆಂಗಿನ ಗೆರಟೆ, ಅಂದರೆ ಚಿಪ್ಪು, ಹಾಕುತ್ತಿದ್ದರು. ಇನ್ನೊಬ್ಬರು ತುಳು ಮಾತಾಡುವುದನ್ನು ಹಿಡಿದುಕೊಟ್ಟರೆ ಗೆರಟೆ ಅವರಿಗೆ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಹತ್ತಿರವೇ. ನನ್ನ ಕನ್ನಡ ಇಷ್ಟು ಶುದ್ಧವಾದದ್ದು ಅದರಿಂದಲೇ. ನನ್ನ ಕೊರಳಲ್ಲಿ ಅದು ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ನಿಂತದ್ದಿಲ್ಲ, ನಾನು ಅಷ್ಟು ಚುರುಕು. ಯಾರಿಗೂ ಅದರಿಂದ ಏನೂ ಆಗಲಿಲ್ಲ. ಅಕ್ಕು ಎಂಬ ಹುಡುಗಿ ಐದನೆಯದಕ್ಕೆ ಶಾಲೆ ಬಿಟ್ಟಳು, ಅದು ಬೇರೆ ವಿಷಯ.

ಬಚ್ಚಲ ಒಲೆಗೆಂದು ಅತ್ತೆ ಕೂಡಿಟ್ಟ ಗೆರಟೆಗಳಲ್ಲಿ ದುಂಡಗಿನ ಒಂದು ತುಂಡು ಆರಿಸಿ, ನೆಲಕ್ಕೆ ಉಜ್ಜಿ ನುಣುಪು ಮಾಡಿ, ತೂತು ಕೊರೆದು ಕೆಂಪು ದಾರ ಹಾಕಿದೆ. “ಎಂತಕ್ಕೆ?” ಎಂದರು ಅತ್ತೆ. “ಪ್ರಾಜೆಕ್ಟಿಗೆ” ಎಂದೆ.

ನನ್ನ ನಿಯಮ ಹಳೆಯದಕ್ಕಿಂತ ಒಳ್ಳೆಯದು. ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರಿಗೆ ಗೆರಟೆ. ಶುಕ್ರವಾರದ ಕೊನೆಯ ಗಂಟೆಗೆ ಅದು ಯಾರ ಕೊರಳಲ್ಲಿದೆಯೋ ಅವರು ಶನಿವಾರ ಅಸೆಂಬ್ಲಿಯಲ್ಲಿ ಎಲ್ಲರೆದುರು ಐದು ಜೋಡಿಪದ, ಅರ್ಥ ಸಮೇತ ಹೇಳಬೇಕು. ಶಿಕ್ಷೆಯೂ ಆಯಿತು, ಪಾಠವೂ ಆಯಿತು.

ನವೆಂಬರ್ 11, ಮಂಗಳವಾರ

ಗೆದ್ದೆ! ನಾಲ್ಕನೇ ತರಗತಿಯಲ್ಲಿ ಈಗ ಸೂಜಿ ಬಿದ್ದರೂ ಕೇಳುತ್ತದೆ. ಎರಡು ದಿನದಲ್ಲಿ ಗೆರಟೆ ಹದಿನಾಲ್ಕು ಕೊರಳು ಸುತ್ತಿತು. ಮಕ್ಕಳು ಊಟದ ಹೊತ್ತಿಗೂ ಒಬ್ಬರ ಬಾಯಿ ಒಬ್ಬರು ನೋಡುತ್ತಾ ಕೂತಿರುತ್ತಾರೆ. ಬೆನಿಟಾ ಮೇಡಂ ಕಿಟಕಿಯಲ್ಲಿ ನಿಂತು ನೋಡಿ, “ಇದು ನಿಮ್ಮ ಐಡಿಯಾವಾ? ಮ್ಯಾನೇಜ್‌ಮೆಂಟಿಗೆ ಹೇಳ್ಬೇಕು” ಎಂದರು.

ಜೋಡಿಪದಗಳು: ಐವತ್ತೆರಡು.

ನವೆಂಬರ್ 15, ಶನಿವಾರ

ಮೊದಲ ಅಸೆಂಬ್ಲಿ. ಗೆರಟೆ ಮೋಕ್ಷಾಳ ಕೊರಳಲ್ಲಿ ಉಳಿದಿತ್ತು. ನಾಲ್ಕು ಜೋಡಿ ಸರಿ ಹೇಳಿದಳು. ಐದನೆಯದು ಸ್ಟಕ್ ಮತ್ತು ಸ್ಟಾಕ್. ಸಿಕ್ಕಿಹಾಕಿಕೊಂಡದ್ದು ಯಾವುದು, ಅಂಗಡಿಯಲ್ಲಿ ಕೂಡಿಟ್ಟದ್ದು ಯಾವುದು? ಅದಲು ಬದಲು ಮಾಡಿದಳು. ಐನೂರು ಮಕ್ಕಳು ನಕ್ಕರು. ಅವಳು ನನ್ನ ಕಡೆ ನೋಡಿದಳು. ನಾನು ತುಟಿ ಬಿಗಿದು, ಇನ್ನೊಮ್ಮೆ ಹೇಳು ಎಂದೆ. ಮೂರನೇ ಸಲಕ್ಕೆ ಸರಿಯಾಯಿತು. ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಗೇಟಿನಲ್ಲಿ ಅವಳ ಅಜ್ಜ ಚೆನ್ನಪ್ಪಣ್ಣ ಸ್ಕೂಟರ್ ನಿಲ್ಲಿಸಿ ಕಾದಿದ್ದರು. ಉರ್ವ ಮಾರ್ಕೆಟಿನಲ್ಲಿ ಬಸಳೆ, ಹರಿವೆ ಮಾರುವವರು. ಮಗ ಗಲ್ಫಿನಲ್ಲಿ, ಮೊಮ್ಮಗಳನ್ನು ನೋಡಿಕೊಳ್ಳುವುದು ಇವರೇ.

“ಟೀಚರೇ, ನಮ್ಮ ಮೋಕ್ಷಾ ಲೀಡರ್ ಆದಳಂತಲ್ಲ? ಕೊರಳಲ್ಲಿ ಬಿಲ್ಲೆ ಉಂಟು. ನಾನೇ ರಾತ್ರಿ ತೆಂಗಿನೆಣ್ಣೆ ಹಚ್ಚಿ ಉಜ್ಜಿದ್ದು. ಹೊಳೀತದಲ್ಲ?”

ಹೌದು, ಹೊಳೆಯುತ್ತಿತ್ತು. ಬಸ್ಸು ಬಂತು, ನಾನು ಹತ್ತಿದೆ. ಅಷ್ಟು ಅವಸರದಲ್ಲಿ ವಿವರಿಸುವುದು ಹೇಗೆ?

ನವೆಂಬರ್ 19, ಬುಧವಾರ

ಮನೆಯಲ್ಲೂ ಇಂಗ್ಲಿಷೇ ಮಾತಾಡಬೇಕು ಎಂದು ನಿಶ್ಚಯಿಸಿದ್ದೇನೆ. ನಾಲಗೆ ತುಳುವಿಗೆ ಹೊರಳಿದರೆ ಮರುದಿನ ತರಗತಿಯಲ್ಲಿ ತಡವರಿಸುತ್ತದೆ. ಅತ್ತೆ ಏನೋ ಕೇಳಿದರು, ಇಂಗ್ಲಿಷಿನಲ್ಲಿ ಉತ್ತರಿಸಿದೆ. ಅವರೂ ತಮಾಷೆಗೆ ಒಂದೆರಡು ಇಂಗ್ಲಿಷ್ ಪದ ಹೇಳಿದರು. ಸ್ನ್ಯಾಕ್ಸಿಗೆ ಸ್ನೇಕ್ಸ್ ಎಂದರು, ತಿದ್ದಿದೆ. ಮತ್ತೆ ಹಾಗೇ ಹೇಳಿದರು, ಮತ್ತೆ ತಿದ್ದಿದೆ. ಮೂರನೇ ಸಲ ಅವರು ಹೇಳಲಿಲ್ಲ.

ನವೆಂಬರ್ 22, ಶನಿವಾರ

ಎರಡನೇ ಅಸೆಂಬ್ಲಿ. ಪುನಃ ಮೋಕ್ಷಾ.

ನವೆಂಬರ್ 25, ಮಂಗಳವಾರ

ಹತ್ತು ದಿನ ಕಳೆದರೂ ಗೆರಟೆ ಮೋಕ್ಷಾಳಲ್ಲೇ. ಈಗ ಅವಳು ಮಾತಾಡುವುದೇ ಇಲ್ಲ. ಸುಧಾರಿಸಿದ್ದಾಳೆ ಎನ್ನಬೇಕು. ಆದರೆ ಮ್ಯಾನೇಜ್‌ಮೆಂಟಿನವರು ಬಂದಾಗ ಗೆರಟೆ ಕೊರಳಿಂದ ಕೊರಳಿಗೆ ಹೋಗಬೇಕು, ನಿಂತ ನೀರಾಗಬಾರದು. ಕರೆದು ಕೇಳಿದೆ, “ಬೇರೆಯವರು ಮಾತಾಡೋದು ನಿನಗೆ ಕೇಳೋದಿಲ್ವಾ? ಹಿಡಿದುಕೊಡು.” ತಲೆ ತಗ್ಗಿಸಿ ಗೆರಟೆಯ ದಾರ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮೊಂಡುತನ. ಒಂಬತ್ತು ವರ್ಷಕ್ಕೆ ಇಷ್ಟು ಮೊಂಡುತನ ಎಲ್ಲಿಂದ ಬರುತ್ತದೆ?

ಮನೆಯಲ್ಲಿ ಶಾಂತಿ. ಅತ್ತೆ ಈಗ ಹೆಚ್ಚು ಮಾತಾಡುವುದಿಲ್ಲ. ಅಡುಗೆಮನೆಯಲ್ಲಿ ಕೂತು ಓದಲು ಅನುಕೂಲವಾಗಿದೆ. ಜೋಡಿಪದಗಳು: ನೂರ ಹತ್ತು.

ನವೆಂಬರ್ 28, ಶುಕ್ರವಾರ

ವಿಚಿತ್ರ. ಇಂದು ಸ್ಟಾಫ್ ರೂಮಿನಿಂದ ಬೇಗ ಹೊರಟು ವರಾಂಡದಲ್ಲಿ ಬರುತ್ತಿದ್ದೆ. ನನ್ನ ತರಗತಿಯಿಂದ ತುಳು, ಕೊಂಕಣಿ, ಬ್ಯಾರಿ, ನಗು, ಹಾಡು, ಎಲ್ಲ ಒಟ್ಟಿಗೆ. ಮೀನಿನ ಮಾರ್ಕೆಟಿನ ಹಾಗೆ. ಬಾಗಿಲಿಗೆ ಬಂದೆ, ತಕ್ಷಣ ನಿಶ್ಶಬ್ದ. ಮೋಕ್ಷಾ ಗೆರಟೆ ಹಾಕಿಕೊಂಡು ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದಳು. ಅಷ್ಟು ಜನ ಮಾತಾಡುವಾಗ ಇವಳು ಒಬ್ಬರನ್ನಾದರೂ ಹಿಡಿಯಬಹುದಿತ್ತಲ್ಲ!

ಸಿಟ್ಟು ಬಂತು. ಹೊಸ ನಿಯಮ ಮಾಡಿದೆ. ಗೆರಟೆ ಇಟ್ಟುಕೊಂಡು ಯಾರನ್ನೂ ಹಿಡಿಯದವರು ಇನ್ನು ಶನಿವಾರ ಮಾತ್ರ ಅಲ್ಲ, ದಿನಾ ಅಸೆಂಬ್ಲಿಯಲ್ಲಿ ನಿಲ್ಲಬೇಕು. ಅನುಷ್ಕಾ ಅಳಲು ಶುರುಮಾಡಿದಳು. ಅವಳಿಗೆ ಮೊದಲೇ ದಮ್ಮು, ಅತ್ತರೆ ಏದುಸಿರು. ಮೋಕ್ಷಾ ಅವಳ ಕೈ ಹಿಡಿದು ಕೂತಳು, ಅಳಲಿಲ್ಲ.

ಡಿಸೆಂಬರ್ 4, ಗುರುವಾರ

ನಾಳೆ. ಚಾರ್ಟ್ ತಯಾರು. ಸೀರೆ ಇಸ್ತ್ರಿ ಆಯಿತು. ಅತ್ತೆಗೆ ನಮಸ್ಕಾರ ಮಾಡಬೇಕು ಅನಿಸಿತು, ಆದರೆ ಎಷ್ಟೋ ದಿನದಿಂದ ಸರಿಯಾಗಿ ಮಾತಾಡಿಲ್ಲ. ಯಾವ ಭಾಷೆಯಲ್ಲಿ ಶುರುಮಾಡುವುದೆಂದು ತಿಳಿಯದೆ ಮಲಗಲು ಹೋದೆ.

ಡಿಸೆಂಬರ್ 5, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ನಾನೇ ಬೇರೆ ರೀತಿ ನೆನಪಿಟ್ಟುಕೊಳ್ಳುತ್ತೇನೆ.

ಹತ್ತು ಗಂಟೆಗೆ ಮ್ಯಾನೇಜ್‌ಮೆಂಟಿನ ಮೂವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಬೆನಿಟಾ ಮೇಡಂ ಬಾಗಿಲ ಹತ್ತಿರ. ಸ್ವಲ್ಪ ಮೊದಲು ಅನುಷ್ಕಾ ಮತ್ತು ಮೋಕ್ಷಾ ಬಾತ್‌ರೂಮಿಗೆ ಹೋಗಲು ಅನುಮತಿ ಕೇಳಿ ಹೋಗಿದ್ದರು. ಬಾತ್‌ರೂಮು ಇರುವುದು ಕಟ್ಟಡದ ಹಿಂದೆ. ಯಾವಾಗಲೂ ಅಲ್ಲಿರುವ ಆಯಾ ಜಯಕ್ಕನನ್ನು ಇವತ್ತು ಅತಿಥಿಗಳ ಚಹಾಕ್ಕೆ ಕರೆಸಿದ್ದರು.

ನಾನು ಮೊದಲ ಜೋಡಿ ಹಲಗೆಯಲ್ಲಿ ಬರೆದಿದ್ದೆ, ಅಷ್ಟರಲ್ಲಿ ಮೋಕ್ಷಾ ಒಬ್ಬಳೇ ಬಾಗಿಲಿಗೆ ಬಂದು ನಿಂತಳು. ಓಡಿ ಬಂದದ್ದು, ಎದೆ ಮೇಲೆ ಗೆರಟೆ ಏರಿಳಿಯುತ್ತಿತ್ತು. ಬಾಯಿ ತೆರೆದಳು. ಹಿಂದೆ ಕೂತವರನ್ನು ನೋಡಿದಳು. ಗೆರಟೆಯನ್ನು ಮುಷ್ಟಿಯಲ್ಲಿ ಹಿಡಿದಳು.

“ಯೆಸ್, ಮೋಕ್ಷಾ? ಇನ್ ಇಂಗ್ಲಿಷ್” ಎಂದೆ.

“ಮಿಸ್… ಅನುಷ್ಕಾ ಈಸ್…” ಎಂದಳು. ನಿಂತಳು. ಅವಳ ಕಣ್ಣು ಗೋಡೆಯ ಚಾರ್ಟಿನಲ್ಲಿ ಏನನ್ನೋ ಹುಡುಕುತ್ತಿತ್ತು. ಇವಳು ತಪ್ಪು ಹೇಳುತ್ತಾಳೆ, ಎಲ್ಲರೆದುರು ಹೇಳುತ್ತಾಳೆ, ಅಷ್ಟೇ ಕಂಡದ್ದು ನನಗೆ. “ಗೋ ಟು ಯುವರ್ ಪ್ಲೇಸ್” ಎಂದೆ. ಹೋಗಿ ಕೂತಳು.

ಆಮೇಲೆ ಎರಡು ಸಲ ಕೈ ಎತ್ತಿದಳು. ನೋಡಿಯೂ ನೋಡದ ಹಾಗೆ ಬೇರೆಯವರನ್ನು ಕೇಳಿದೆ. ಒಮ್ಮೆ ಎದ್ದು ಬಾಗಿಲಿಗೆ ಹೊರಟಳು. ನಾನು ನಗುನಗುತ್ತಲೇ ಅವಳ ಭುಜ ಹಿಡಿದು ಕೂರಿಸಿದೆ. ಆ ಭುಜ ನಡುಗುತ್ತಿದ್ದುದು ನನ್ನ ಅಂಗೈಗೆ ಗೊತ್ತಾಯಿತು. ಗೊತ್ತಾಯಿತು ಎಂದು ಇಲ್ಲಾದರೂ ಬರೆಯುತ್ತೇನೆ.

ಪಾಠ ಅಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲ. ಮಕ್ಕಳು ಒಂದೂ ತಪ್ಪಲಿಲ್ಲ. ಅತಿಥಿಗಳಲ್ಲಿ ಒಬ್ಬರು ಮೋಕ್ಷಾಳ ಗೆರಟೆ ಮುಟ್ಟಿ ನೋಡಿ, ಇಂತಹ ಶಿಸ್ತು ಬೇಕು ಎಂದರು. ಗಂಟೆ ಹೊಡೆಯಿತು. ಮೋಕ್ಷಾ ಯಾರನ್ನೂ ಕೇಳದೆ ಓಡಿದಳು.

ಅಷ್ಟರಲ್ಲಿ ಜಯಕ್ಕ ಬಾತ್‌ರೂಮಿನ ಬಾಗಿಲನ್ನು ಕಲ್ಲಿನಿಂದ ಜಜ್ಜುತ್ತಿದ್ದರು. ಒಳಗೆ ಅನುಷ್ಕಾ. ಮೂವತ್ತೈದು ನಿಮಿಷ. ಬಾಗಿಲು ಒಡೆದಾಗ ಗೋಡೆಗೆ ಒರಗಿ ಕೂತಿದ್ದಳು, ತುಟಿ ನೀಲಿ, ಉಸಿರಿಗೆ ಸೀಟಿಯ ಸದ್ದು. ಇನ್‌ಹೇಲರ್ ಅವಳ ಬ್ಯಾಗಿನಲ್ಲಿತ್ತು, ಬ್ಯಾಗು ನನ್ನ ತರಗತಿಯಲ್ಲಿ, ನನ್ನಿಂದ ಎರಡು ಮಾರು ದೂರದಲ್ಲಿ.

ಆಸ್ಪತ್ರೆಯಿಂದ ಸಂಜೆ ಫೋನು ಬಂತು. ಉಸಿರು ಸರಿಯಾಗಿದೆ, ನಾಳೆ ಮನೆಗೆ ಕಳಿಸುತ್ತಾರೆ. ಅದನ್ನು ಕೇಳಿ ವರಾಂಡದ ನೆಲದಲ್ಲಿ ಕೂತುಬಿಟ್ಟೆ.

ಡಿಸೆಂಬರ್ 6, ಶನಿವಾರ

ಬೆನಿಟಾ ಮೇಡಂ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ನನ್ನನ್ನು ಖಾಯಂ ಮಾಡಿದ ಪತ್ರ. ಇನ್ನೊಂದು ನಿನ್ನೆಯ ಘಟನೆಯ ವರದಿ, ನನ್ನ ಹೆಸರಿನಲ್ಲಿ ಟೈಪ್ ಆಗಿದೆ, ಸಹಿ ಮಾತ್ರ ಬಾಕಿ. ಅದರಲ್ಲಿ ಒಂದು ಸಾಲು: ಜೊತೆಗಿದ್ದ ವಿದ್ಯಾರ್ಥಿನಿ ಈ ವಿಷಯವನ್ನು ಯಾರಿಗೂ ತಿಳಿಸಲಿಲ್ಲ.

“ಅನುಷ್ಕಾನ ಅಮ್ಮ ಆಶಾಲತಾ ತುಂಬ ಸಿಟ್ಟಲ್ಲಿದ್ದಾರೆ. ಮೋಕ್ಷಾನೇ ತಮಾಷೆಗೆ ಹೊರಗಿಂದ ಚಿಲಕ ಹಾಕಿದ್ದು ಅಂತಾರೆ. ಅವಳಿಗೆ ಟೀಸಿ ಕೊಟ್ಟು ಶಾಲೆಯಿಂದ ಕಳಿಸಿ ಅಂತ ಹಠ.”

“ಒಳಗಿನ ಕೊಂಡಿ ಸಿಕ್ಕಿಕೊಂಡದ್ದು ಅಂತ ಜಯಕ್ಕ ಹೇಳಿದ್ರಲ್ಲ ಮೇಡಂ?”

“ಬಾಗಿಲು ಪುಡಿಯಾಗಿದೆ. ಇನ್ನು ಯಾರು ನೋಡಿದ್ದು? ಕೊಂಡಿ ಹಾಳಾಗಿತ್ತು ಅಂದ್ರೆ ಶಾಲೆಗೆ ಕೆಟ್ಟ ಹೆಸರು. ಮಗು ಕೂಡ ಎಂತ ಕೇಳಿದ್ರೂ ಬಾಯಿ ಬಿಡುದಿಲ್ಲ ಮಾರಾಯ್ತಿ. ನಾನು ಎಂತ ಮಾಡ್ಲಿ?” ಅವರ ದನಿ ಇಳಿಯಿತು. “ಅವಳು ಬಾಗಿಲಿಗೆ ಬಂದದ್ದು ನಾನೂ ನೋಡಿದ್ದೇನೆ ಟೀಚರ್. ಆದ್ರೆ ಅವಳು ಹೇಳಲಿಲ್ಲ ಅಲ್ವಾ? ಹೇಳಲಿಲ್ಲ ಅನ್ನುದು ಸುಳ್ಳಲ್ಲ. ಸೋಮವಾರ ಎಲ್ಲರನ್ನೂ ಕರೆದಿದ್ದೇನೆ. ಅಷ್ಟರಲ್ಲಿ ಸಹಿ ಹಾಕಿ.”

ಎರಡೂ ಕಾಗದ ಬ್ಯಾಗಿಗೆ ಹಾಕಿಕೊಂಡು ಬಂದೆ.

ದಾರಿಯಲ್ಲಿ ಅನುಷ್ಕಾಳ ಮನೆಗೆ ಹೋದೆ. ಆಶಾಲತಾ ಚಹಾ ಮಾಡಲು ಒಳಗೆ ಹೋದಾಗ ಅನುಷ್ಕಾಳ ಹತ್ತಿರ ಕೂತು, ಮೋಕ್ಷಾ ಯಾಕೆ ಯಾರನ್ನೂ ಹಿಡಿದುಕೊಡಲಿಲ್ಲ ಎಂದು ಕೇಳಿದೆ. ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು.

“ಗೆರಟೆ ಮೋಕ್ಷಾನ ಹತ್ರ ಇದ್ರೆ ನಮಗೆಲ್ಲ ಮಾತಾಡ್ಬಹುದು ಮಿಸ್. ಅವಳು ಯಾರನ್ನೂ ಹಿಡಿಯುದಿಲ್ಲ. ನಾನೇ ಇಟ್ಕೊಳ್ತೇನೆ, ನೀವು ಮಾತಾಡಿ ಅಂತ ಹೇಳಿದ್ದಾಳೆ. ನನಗೆ ಅಸೆಂಬ್ಲಿ ಅಂದ್ರೆ ಹೆದರಿಕೆ ಅಲ್ವಾ, ಅದಕ್ಕೆ.”

ಚಹಾ ಕುಡಿಯದೆ ಎದ್ದು ಬಂದೆ.

ಡಿಸೆಂಬರ್ 7, ಭಾನುವಾರ

ಅಕ್ಕು ಯಾಕೆ ಶಾಲೆ ಬಿಟ್ಟಳೆಂದು ಬರೆಯಬೇಕು. ಬೇರೆ ವಿಷಯ ಎಂದು ಬರೆದಿದ್ದೆ. ಅಲ್ಲ.

ಐದನೇ ತರಗತಿ. ಗೆರಟೆ ನನ್ನ ಕೊರಳಿನಲ್ಲಿತ್ತು, ಮಧ್ಯಾಹ್ನದ ಗಂಟೆಗೆ ಸ್ವಲ್ಪವೇ ಹೊತ್ತು ಬಾಕಿ. ಅಕ್ಕು ನನ್ನ ಪಕ್ಕದ ಮಣೆಯವಳು, ಮನೆಯಿಂದ ತಂದ ನೆಲ್ಲಿಕಾಯಿಯಲ್ಲಿ ಅರ್ಧ ನನಗೆ. ಮುರಕಲ್ಲಿನ ಮೆಟ್ಟಿಲಿನಿಂದ ಜಾರಿ ಬಿದ್ದಳು, ಮೊಣಕಾಲು ಸೀಳಿತು. “ಅಪ್ಪೇ” ಎಂದು ಕಿರುಚಿದಳು. ಅಮ್ಮನನ್ನು ಕರೆದದ್ದು, ತುಳುವಿನಲ್ಲಿ. ಬಿದ್ದಾಗ ಬೇರೆ ಯಾವ ಭಾಷೆಯಲ್ಲಿ ಕರೆಯುತ್ತಾರೆ?

ನಾನು ಓಡಿ ಹೋದೆ. ಎತ್ತಲಿಕ್ಕಲ್ಲ. ಗೆರಟೆ ತೆಗೆದು ಅವಳ ಕೊರಳಿಗೆ ಹಾಕಲಿಕ್ಕೆ. ರಕ್ತ ಸುರಿಯುತ್ತಿತ್ತು, ನಾನು ದಾರ ಸರಿಮಾಡುತ್ತಿದ್ದೆ. ಮೇಷ್ಟ್ರು ನನಗೆ ಭೇಷ್ ಎಂದರು. ಮರುವಾರದಿಂದ ಅಕ್ಕು ಬರಲಿಲ್ಲ.

ನಾನು ಚುರುಕು. ಇಪ್ಪತ್ತೈದು ವರ್ಷ ಇದನ್ನೇ ಹೇಳಿಕೊಂಡು ಬಂದೆ. ಥೂ.

ಇಡೀ ದಿನ ಎರಡು ಕಾಗದಗಳನ್ನೂ ಮಡಿಸಿದೆ, ಬಿಡಿಸಿದೆ. ಒಂದಕ್ಕೆ ಸಹಿ ಹಾಕಿದರೆ ಇನ್ನೊಂದು ಸಿಗುತ್ತದೆ. ಮನೆಯಲ್ಲಿ ಕೂತು ಗೋಡೆ ನೋಡಿದ ಒಂದೂವರೆ ವರ್ಷ ನೆನಪಾಗುತ್ತದೆ. ನನಗೆ ಹೆದರಿಕೆಯಾಗುತ್ತಿದೆ. ಕೆಲಸ ಬೇಕು ನನಗೆ, ತುಂಬ ಬೇಕು.

ಡಿಸೆಂಬರ್ 8, ಸೋಮವಾರ

ಆಫೀಸಿನಲ್ಲಿ ಬೆನಿಟಾ ಮೇಡಂ, ಆಶಾಲತಾ, ಚೆನ್ನಪ್ಪಣ್ಣ, ಅವರ ಲುಂಗಿ ಹಿಡಿದು ನಿಂತ ಮೋಕ್ಷಾ. ಗೆರಟೆ ಈಗಲೂ ಅವಳ ಕೊರಳಲ್ಲಿ. ತೆಗೆ ಎಂದು ಯಾರೂ ಹೇಳಿರಲಿಲ್ಲ, ಹೇಳದೆ ಅವಳು ತೆಗೆಯುವವಳಲ್ಲ.

“ಕ್ಲಾಸ್ ಲೀಡರ್ ಹುಡುಗಿ ಹಾಗೆ ಮಾಡ್ತಾಳಾ ಅಮ್ಮ?” ಎಂದು ಚೆನ್ನಪ್ಪಣ್ಣ ಆಶಾಲತಾರಿಗೆ ಕೈಮುಗಿಯುತ್ತಿದ್ದರು. “ಬಿಲ್ಲೆ ನೋಡಿ, ಟೀಚರೇ ಕೊಟ್ಟದ್ದು.”

ಅದನ್ನು ಕೇಳಿ ನಿಂತಿರಲಾಗಲಿಲ್ಲ ನನಗೆ.

“ಅದು ಲೀಡರ್ ಬಿಲ್ಲೆ ಅಲ್ಲ ಚೆನ್ನಪ್ಪಣ್ಣ. ತುಳು ಮಾತಾಡಿದ್ದಕ್ಕೆ ನಾನು ಹಾಕಿದ ಶಿಕ್ಷೆ” ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು, ಎಣ್ಣೆ ಹಚ್ಚಿ ಉಜ್ಜಿದ ಬೆರಳುಗಳು. ಅವರು ಬೈದಿದ್ದರೂ ಆಗುತ್ತಿತ್ತು.

“ಸಿಂಧು ಟೀಚರ್” ಎಂದರು ಮೇಡಂ, ಮೆಲ್ಲಗೆ.

ನಾನು ಮೋಕ್ಷಾಳ ಎದುರು ಕುಕ್ಕರಗಾಲಲ್ಲಿ ಕೂತೆ. ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ, ತುಳುವಿನಲ್ಲಿ ಕೇಳಿದೆ. ಅವತ್ತು ಬಾಗಿಲಲ್ಲಿ ನಿಂತು ಎಂತ ಹೇಳಲು ಬಂದದ್ದು ಮಗಾ? ಒಂದು ತಿಂಗಳಲ್ಲಿ ನಾನು ಅವಳೊಡನೆ ಆಡಿದ ಮೊದಲ ತುಳು ಮಾತು. ಅವಳು ಗೆರಟೆ ಮುಟ್ಟಿಕೊಂಡಳು. ಪರವಾಗಿಲ್ಲ ಎಂದೆ.

“ಬೇಗ ಬಲೆ” ಎಂದಳು.

ಬೇಗ ಬನ್ನಿ. ಎರಡೇ ಪದ. ಅದಕ್ಕಿಂತ ಹೆಚ್ಚು ಏನೂ ಬೇಕಿರಲಿಲ್ಲ.

ಆಮೇಲೆ ಕಟ್ಟೆ ಒಡೆದ ಹಾಗೆ ಬಂತು ಮಾತು. ಅನುಷ್ಕಾ ಒಳಗಿಂದ ಕೊಂಡಿ ಹಾಕಿದ್ದು, ತೆಗೆಯಲು ಬಾರದ್ದು, ಇವಳು ಹೊರಗಿಂದ ದೂಡಿದ್ದು, ಜಯಕ್ಕನನ್ನು ಹುಡುಕಿದ್ದು. ಬಾಗಿಲಲ್ಲಿ ನಿಂತಾಗ ಸ್ಟಕ್ಕೋ ಸ್ಟಾಕೋ ಎಂದು ಗೊತ್ತಾಗದ್ದು. ತಪ್ಪಿದರೆ ಪುನಃ ಎಲ್ಲರೂ ನಗುತ್ತಾರೆ, ತುಳುವಿನಲ್ಲಿ ಹೇಳಿದರೆ ಮಿಸ್‌ನ ಕೆಲಸ ಹೋಗುತ್ತದೆ ಎಂದು ಹೆದರಿದ್ದು.

“ನನ್ನ ಕೆಲಸ ಹೋಗ್ತದೆ ಅಂತ ಯಾರು ಹೇಳಿದ್ದು?”

“ಜಯಕ್ಕ. ಅವತ್ತು ಒಂದು ದಿನ ಚಂದ ಮಾತಾಡಿ ಮಕ್ಕಳೇ, ಇಲ್ಲ ಅಂದ್ರೆ ಮಿಸ್‌ಗೆ ಮನೆಗೆ ಹೋಗ್ಬೇಕಾಗ್ತದೆ ಅಂದ್ರು.”

ಆಶಾಲತಾ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಎದ್ದು, ಅವಳು ನಾಲ್ಕು ಸಲ ಹೇಳಲು ನೋಡಿದಳು, ನಾಲ್ಕು ಸಲವೂ ನಾನೇ ತಡೆದೆ, ತಪ್ಪು ಅವಳದ್ದಲ್ಲ ಎಂದು ಒಬ್ಬೊಬ್ಬರಿಗೂ ಕೇಳುವಂತೆ ಹೇಳಿದೆ. ಸಹಿ ಹಾಕದ ವರದಿಯನ್ನು ಮೇಜಿನ ಮೇಲೆ ಇಟ್ಟೆ. ಅದರ ಮೇಲೆ ಖಾಯಂ ಪತ್ರವನ್ನೂ ಇಟ್ಟೆ.

ಡಿಸೆಂಬರ್ 10, ಬುಧವಾರ

ಮೋಕ್ಷಾಳ ಟೀಸಿ ಮಾತು ಬಿದ್ದುಹೋಯಿತು. ಬಾತ್‌ರೂಮಿನ ಕೊಂಡಿಗಳನ್ನೆಲ್ಲ ಬದಲಿಸುತ್ತಿದ್ದಾರೆ. ನನಗೆ ಶುಕ್ರವಾರ ಕೊನೆಯ ದಿನ. “ನೀವು ಬಾಯಿ ಮುಚ್ಚಿದ್ರೆ ಸಾಕಿತ್ತು” ಎಂದರು ಬೆನಿಟಾ ಮೇಡಂ. ಆಮೇಲೆ, “ಬಾಗಿಲ ಹತ್ರ ನಾನೂ ಇದ್ದೆ, ಎದ್ದು ಹೋಗಿ ನೋಡಲಿಲ್ಲ” ಎಂದು ಕಿಟಕಿಯ ಕಡೆ ತಿರುಗಿದರು.

ಡಿಸೆಂಬರ್ 12, ಶುಕ್ರವಾರ

ಕೊನೆಯ ಗಂಟೆಗೆ ಸ್ವಲ್ಪ ಮೊದಲು ಚಾರ್ಟ್ ಸುತ್ತಿ ಇಟ್ಟೆ. ಗೆರಟೆ ಈಗ ಬೇಡ, ತಾ ಎಂದು ಮೋಕ್ಷಾಳ ಕಡೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಎದ್ದು ನನ್ನ ಮೇಜಿನ ಹತ್ತಿರ ಬಂದಳು, ಅನುಷ್ಕಾ ಹಿಂದಿನಿಂದಲೇ.

“ಹಾಗೆ ಕೊಡ್ಲಿಕ್ಕಿಲ್ಲ ಮಿಸ್. ರೂಲ್ ಉಂಟಲ್ಲ?”

“ಎಂತ ರೂಲ್?”

“ಸೋಮವಾರ ಆಫೀಸಿನಲ್ಲಿ ನೀವು ತುಳು ಮಾತಾಡಿದ್ದೀರಿ. ನಾನು ಕೇಳಿದ್ದೇನೆ.”

ಒಂದು ತಿಂಗಳಲ್ಲಿ ಅವಳು ಹಿಡಿದುಕೊಟ್ಟ ಮೊದಲ ಮನುಷ್ಯಳು ನಾನು. ಕೆಂಪು ದಾರ ತೆಗೆದು ಕಾಲ ಬೆರಳ ಮೇಲೆ ನಿಂತಳು, ಆದರೂ ಕೈ ಎಟುಕಲಿಲ್ಲ. ನಾನು ತಲೆ ಬಾಗಿಸಿದೆ. ನನ್ನ ಜಡೆ ಸಿಕ್ಕಿಕೊಂಡಿತು, ಅವಳು ನಿಧಾನವಾಗಿ ಬಿಡಿಸಿ ದಾರ ಸರಿಮಾಡಿದಳು. ಮಕ್ಕಳು ನಕ್ಕರು. ನಾನೂ ನಕ್ಕೆ, ಆಮೇಲೆ ಅಳು ಬಂತು.

ಬಸ್ಸಿನಲ್ಲಿ ಎಲ್ಲರೂ ನೋಡಿದರು. ತೆಗೆಯಲಿಲ್ಲ.

ಮನೆಯಲ್ಲಿ ಅತ್ತೆ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದರು. ನನ್ನ ಕೊರಳು ನೋಡಿ, ಕೇಳಲೋ ಬೇಡವೋ ಎಂಬಂತೆ ತಡೆದರು. ನಾನು ಅವರ ಪಕ್ಕ ಕೂತು ಶುರುವಿನಿಂದ ಹೇಳಿದೆ. ಅಕ್ಕು, ಮೋಕ್ಷಾ, ಸ್ನೇಕ್ಸ್, ಎಲ್ಲ, ತುಳುವಿನಲ್ಲೇ. ನೀರು ಕುದಿದು ಪುನಃ ತಣಿಯಿತು. ಕೊನೆಗೆ ಅವರು ಗೆರಟೆಯನ್ನು ಬೆರಳಲ್ಲಿ ಎತ್ತಿ, “ಇದನ್ನು ಒಲೆಗೆ ಹಾಕುವನಾ?” ಎಂದರು.

ಬೇಡ ಎಂದೆ. ಇದು ನನ್ನ ಹತ್ತಿರವೇ ಇರಲಿ. ನಾನು ಇನ್ನು ಯಾರನ್ನೂ ಹಿಡಿದುಕೊಡುವುದಿಲ್ಲ. ಆ ಮಕ್ಕಳು ಮಾತಾಡಿಕೊಳ್ಳಲಿ.